ಅಕ್ಕನ ಪರವಾಗಿ ನಾನು ಬೇಡ ಅಂದದ್ದು

ಎದುರಿಗೆ ಕೂತವರ ಬಟ್ಟೆಯನ್ನು ಮುಟ್ಟಿ ನೋಡುವ ಚಟ ನನ್ನ ಅಕ್ಕನಿಗಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಗುರುತಿಲ್ಲದ ಹೆಂಗಸು ಕೂತರೂ ಸರಿ, ಆಕೆಯ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜುತ್ತಿದ್ದಳು. "ಇದು ನಮ್ಮ ಬನಹಟ್ಟೀದಲ್ಲ ಬಿಡ್ರಿ, ರಬಕವೀದು" ಎನ್ನುತ್ತಿದ್ದಳು. ಆ ಹೆಂಗಸು "ಹೆಂಗ ಗೊತ್ತಾತ್ರಿ?" ಎಂದು ಕೇಳಿದರೆ, "ರಬಕವಿ ಮಂದಿ ಮಾತಾಡಿದಂಗ ನೇಯ್ತಾರ್ರೀ. ಅಂಚು ಜೋರು, ನಡುವ ತೆಳು" ಎಂದು ನಗುತ್ತಿದ್ದಳು. ಒಮ್ಮೆ ಹಾಗೆ ಅನ್ನಿಸಿಕೊಂಡವಳು ರಬಕವಿಯವಳೇ ಆಗಿದ್ದಳು. ಜಮಖಂಡಿ ಮುಟ್ಟುವವರೆಗೂ ಇಬ್ಬರ ಜಗಳ ನಿಲ್ಲಲಿಲ್ಲ. ಇಳಿಯುವಾಗ ಆಕೆ ಅಕ್ಕನ ಕೈಗೆ ಎರಡು ಪೇರಲ ಹಣ್ಣು ಕೊಟ್ಟು ಹೋದಳು.

ಅಕ್ಕ ಮಗ್ಗ ನಡೆಸುತ್ತಿರಲಿಲ್ಲ. ಅವಳದು ಕೆಚ್ಚುವ ಕೆಲಸ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ನೂಲು ಸುತ್ತಿದ ಬೀಮು ತಂದು ಕೂಡಿಸುತ್ತಾರೆ. ಹಳೆಯ ಹಾಸಿನ ತುದಿಯ ಒಂದೊಂದು ಎಳೆಗೂ ಹೊಸ ಬೀಮಿನ ಒಂದೊಂದು ಎಳೆಯನ್ನು ಬೆರಳಿನಿಂದ ಹೊಸೆದು ಸೇರಿಸಬೇಕು. ಸಾವಿರಾರು ಎಳೆಗಳಿರುತ್ತವೆ. ಅದಕ್ಕೇ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಮಗ್ಗದ ಹಿಂದೆ ಕೂತರೆ ಒಂದು ಬೀಮಿಗೆ ದಿನವೇ ಹೋಗುತ್ತದೆ. ಅಕ್ಕನ ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಬೇರೆ ಕೆಲಸ ಮಾಡುತ್ತಿತ್ತು. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈದಿತು, ಎಲ್ಲವೂ ಆ ಎಳೆಗಳ ಜೊತೆಗೇ ಸೇರುತ್ತಿದ್ದವು. ಬೇರೆಯವರು ಕೆಚ್ಚಿದ ಬೀಮಿನಲ್ಲಿ ಎಲ್ಲೋ ಎಳೆ ಅದಲುಬದಲಾಗಿರುತ್ತಿತ್ತು. ಅಕ್ಕ ಕೆಚ್ಚಿದ್ದರಲ್ಲಿ ನಾನು ಒಂದು ಸಲವೂ ಅದನ್ನು ಕಾಣಲಿಲ್ಲ.

ಅವಳು ಕೆಚ್ಚುತ್ತಿದ್ದ ಕರೆಂಟಿನ ಮಗ್ಗದ ಶೆಡ್ಡುಗಳಲ್ಲೇ ನಾನು ಜಾಬರ್. ಮಗ್ಗ ಕೆಟ್ಟರೆ ಬಿಚ್ಚಿ ಸರಿಮಾಡುವವನು. ಅವ್ವ ಬೇಗ ತೀರಿಕೊಂಡಿದ್ದರಿಂದ ನನಗೆ ಉಣಿಸಿ, ಬಡಿದು, ಐದನೆಯ ತರಗತಿಯವರೆಗೆ ಶಾಲೆಗೆ ಕಳಿಸಿದವಳು ಅಕ್ಕ. ತಾನು ಎರಡನೆಯದಕ್ಕೇ ಬಿಟ್ಟಿದ್ದಳು. "ನಾ ಎಳಿ ಓದತೀನಿ, ನೀ ಅಕ್ಷರ ಓದು" ಎನ್ನುತ್ತಿದ್ದಳು. ನಾನು ಅಕ್ಷರವನ್ನೂ ಬಹಳ ಓದಲಿಲ್ಲ.

ಅವಳ ಗಂಡ ಮುಧೋಳದ ಕಡೆಯವರು. ಮದುವೆಯಾದ ಮೇಲೆ ಅವರೇ ಬನಹಟ್ಟಿಗೆ ಬಂದು ಮಗ್ಗ ನಡೆಸತೊಡಗಿದರು. ನಾನು ಅವರನ್ನು ಮಾಮಾ ಎಂದು ಕರೆಯುತ್ತಿದ್ದೆ. ಮಳೆಗಾಲದ ಒಂದು ಮಧ್ಯಾಹ್ನ ಶೆಡ್ಡಿನ ತಗಡಿನ ಪತ್ರಾ ಸೋರಿ ನೆಲ ಹಸಿಯಾಗಿತ್ತು. ಮಾಮಾ ಬರಿಗಾಲಿನಲ್ಲಿ ಹೋಗಿ ಮೋಟಾರಿನ ಸ್ಟಾರ್ಟರ್ ಒತ್ತಿದರು. ನಾನು ನಾಲ್ಕು ಮಗ್ಗ ಆಚೆಗಿದ್ದೆ. ಮೇನ್ ಸ್ವಿಚ್ ತೆಗೆಯಲು ಓಡಿದೆ. ತೆಗೆಯುವಷ್ಟರಲ್ಲಿ ಆಗಿಹೋಗಿತ್ತು. ಪೊಲೀಸರು ಬಂದು ಏನೋ ಬರೆದುಕೊಂಡರು. "ನೀ ನೋಡೀಯಲ್ಲ, ಸಹಿ ಮಾಡು" ಎಂದರು. ಓದಲಿಲ್ಲ, ತೋರಿಸಿದ ಜಾಗದಲ್ಲಿ ನನ್ನ ಹೆಸರು ಬರೆದೆ. ಅದರಲ್ಲಿ ಏನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಒಂದು ವೈರು ಮುಟ್ಟುವ ಮೊದಲು ಮೂರು ಸಲ ಮೇನ್ ನೋಡುವುದು ನನಗೆ ರೂಢಿಯಾಯಿತು. ಯಾರಾದರೂ ಕಾಗದ ಮುಂದೆ ಹಿಡಿದು ಸಹಿ ಕೇಳಿದರೆ ಏನೋ ನೆಪ ಹೇಳಿ ಎದ್ದು ಹೋಗುತ್ತೇನೆ.

ಅಕ್ಕನಿಗೆ ಹಾಗಾಗಲಿಲ್ಲ. ದಿನಕರ್ಮ ಮುಗಿದ ಮರುದಿನ ಅವಳು ಅದೇ ಶೆಡ್ಡಿಗೆ ಬಂದಳು. ಮಾಮಾ ಹೋದ ದಿನ ಅವಳು ಅರ್ಧ ಕೆಚ್ಚಿ ಬಿಟ್ಟಿದ್ದ ಬೀಮು ಹಾಗೇ ಇತ್ತು. ಮಾಲಕರು ಎದ್ದು ಬಂದು, "ಬ್ಯಾಡ್ರಿ ಅಕ್ಕಾರ, ಬ್ಯಾರೆ ಯಾರನ್ನರ ಕರಸ್ತೀನಿ" ಎಂದರು.

"ಹಾಸು ಏನ್ ಮಾಡೇತ್ರಿ ಪಾಪ?" ಎಂದಳು ಅಕ್ಕ. "ಅರ್ಧಕ್ಕ ಬಿಟ್ರ ಎಳಿ ಸಡಲಾಕ್ಕಾವು."

ಸಂಜೆಯವರೆಗೆ ಕೂತು ಮುಗಿಸಿದಳು. ಅವತ್ತು ಮಾತ್ರ ಬಾಯಿ ತೆರೆಯಲಿಲ್ಲ. ಮುಗಿದ ಮೇಲೆ ಮಗ್ಗ ಶುರುವಾಗಬೇಕಲ್ಲ, ನೇಕಾರ ಸ್ಟಾರ್ಟರಿನ ಹತ್ತಿರ ಹೋಗಲು ಹಿಂದೆಮುಂದೆ ನೋಡುತ್ತಿದ್ದ. ನಾನೂ ನಿಂತಿದ್ದೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೋಗಿ ತಾನೇ ಒತ್ತಿದಳು. ಮಗ್ಗ ಬಡಿಯತೊಡಗಿತು. ನನ್ನ ಕಡೆ ತಿರುಗಿ, "ಲೇ ತಮ್ಮಾ, ಕರೆಂಟಿಗೇನು ನಮ್ಮ ಮ್ಯಾಲ ಸಿಟ್ಟ ಐತೇನು? ನೆಲಾ ಹಸಿ ಇತ್ತು, ಅಷ್ಟ" ಎಂದಳು.

ಮಕ್ಕಳಿರಲಿಲ್ಲ. ನಮ್ಮ ಮನೆಯ ಮುಂದಿನ ಖೋಲಿಯಲ್ಲೇ ಇದ್ದಳು. ನನ್ನ ಹೆಂಡತಿಗೂ ಅವಳಿಗೂ ದಿನಕ್ಕೊಂದು ಮಾತಿನ ಚಕಮಕಿ, ಸಾರಿಗೆ ಖಾರ ಹೆಚ್ಚಾದದ್ದಕ್ಕೋ ರೊಟ್ಟಿ ದಪ್ಪವಾದದ್ದಕ್ಕೋ. ಸಂಜೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

ಅವಳ ಎದೆಯಲ್ಲಿ ಗಡ್ಡೆ ಕಾಣಿಸಿದಾಗ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಆಪರೇಷನ್ ಆಯಿತು, ಸಲೈನಿನಲ್ಲಿ ಔಷಧ ಹರಿಸಿದರು, ಕೂದಲು ಹೋಗಿ ಮತ್ತೆ ಬಂತು. "ಈ ಸಲ ಗುಂಗುರು ಬಂದಾವ ನೋಡು, ಸಣ್ಣಾಕಿದ್ದಾಗ ಎಷ್ಟ ಬೇಡಿಕೊಂಡ್ರೂ ಬಂದಿರಲಿಲ್ಲ" ಎಂದು ಕನ್ನಡಿಯ ಮುಂದೆ ನಿಂತು ನಕ್ಕಿದ್ದಳು. ಎರಡು ವರ್ಷ ಚೆನ್ನಾಗಿದ್ದಳು, ಬೀಮು ಕೆಚ್ಚಿದಳು. ಆಮೇಲೆ ಕೊಯ್ದ ಗುರುತಿನ ಗುಂಟ, ಚರ್ಮದ ಮೇಲೆಯೇ ಕೆಂಪಗೆ ನಾಲ್ಕಾರು ಗಡ್ಡೆ ಎದ್ದವು. ಮತ್ತೆ ಔಷಧ ಹರಿಸಿದರೂ ಬಗ್ಗಲಿಲ್ಲ. ಅವು ಒಡೆದವು. ರಸಿಗೆ ಸೋರತೊಡಗಿತು, ಮುಟ್ಟಿದರೆ ರಕ್ತ. ಜೊತೆಗೆ ವಾಸನೆ.

ನೋವನ್ನು ಅಕ್ಕ ತಡೆದುಕೊಂಡಳು. ವಾಸನೆಯನ್ನು ತಡೆಯಲಿಲ್ಲ. ಮಂದಿಯ ನಡುವೆ ಕೂತು ಮಾತಾಡದೆ ಇರಲಾರದವಳು ತಾನಾಗಿ ಮೂಲೆ ಹಿಡಿದಳು. ಕೆಚ್ಚಲು ಕರೆಯಲು ಬಂದವರಿಗೆ, "ಬಿಳಿ ಹಾಸಿನ ಮ್ಯಾಲ ಒಂದು ಹನಿ ಬಿದ್ರ ಇಡೀ ಬೀಮ ಹಾಳು. ಬ್ಯಾಡ್ರಿ" ಎಂದು ಹೇಳಿ ಕಳಿಸುತ್ತಿದ್ದಳು. ಗೆಳತಿಯರು ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. "ಗಾಳಿ ಈ ಕಡಿಂದ ಬೀಸಾಕತ್ತೇತಿ, ನೀವು ಆ ಕಡಿ ಕುಂದರ್ರಿ ಬೇ. ಇಲ್ಲಂದ್ರ ನನ್ನ ಮಾತಿಗಿಂತ ಮೊದಲ ನಾನ ಬಂದು ಮುಟ್ಟತೀನಿ" ಎನ್ನುತ್ತಿದ್ದಳು. ಅವರು ನಗುತ್ತಿದ್ದರು, ಸೆರಗಿನಿಂದ ಕಣ್ಣೂ ಒರೆಸಿಕೊಳ್ಳುತ್ತಿದ್ದರು.

ಮುಂದಿನ ಸಲ ದೊಡ್ಡ ಆಸ್ಪತ್ರೆಗೆ ಹೋದಾಗ ಲೇಡಿ ಡಾಕ್ಟರ್ ಬಾಯಾರ ಮುಂದೆ ಅಕ್ಕ ಒಂದೇ ಮಾತು ಹೇಳಿದಳು. "ನನ್ನ ಜೀವಾ ಉಳಸ್ರಿ ಅಂತ ನಾ ಕೇಳಂಗಿಲ್ರಿ ಬಾಯಾರ. ಈ ಸೋರೂದೊಂದು ನಿಂದರಸ್ರಿ. ಇನ್ನೊಂದು ನಾಕು ಬೀಮ ಕೆಚ್ಚಿ ಹೊಕ್ಕೀನಿ."

ಬಾಯಾರು ಧಾರವಾಡದ ಕಡೆಯವರು. ಅಕ್ಕನನ್ನು ಪಟ್ಟಿ ಬದಲಿಸಲು ಒಳಗೆ ಕಳಿಸಿ, ನನ್ನನ್ನು ಕೂಡಿಸಿದರು.

"ಒಂದು ಹೊಸಾ ಚಿಕಿತ್ಸಾ ಅದ" ಎಂದರು. "ಇನ್ನೂ ಪರೀಕ್ಷಾ ಮಾಡಲಿಕ್ಕೆ ಹತ್ತೇವಿ, ಕೆಲವರಿಗಷ್ಟ ಕೊಡ್ತೀವಿ. ಆ ಗಡ್ಡಿಯೊಳಗ ಕ್ಯಾಲ್ಸಿಯಂ ದ್ರಾವಣ ಚುಚ್ಚತೀವಿ. ಆಮ್ಯಾಲ ಸಣ್ಣ ಸೂಜಿ ಇಟ್ಟು ಕರೆಂಟಿನ ಹೊಡತ ಕೊಡ್ತೀವಿ."

"ಕರೆಂಟಾರೀ?"

"ಅಂಜಬ್ಯಾಡ್ರಿ. ನಿದ್ದಿ ಬರೂ ಔಷಧಾ ಕೊಟ್ಟಿರ್ತೀವಿ. ಒಂದೊಂದು ಹೊಡತ ಕಣ್ಣು ಪಿಳುಕಿಸೂದಕ್ಕಿಂತ ಎಷ್ಟೋ ಕಡಿಮಿ ಹೊತ್ತು. ಆ ಹೊಡತಕ್ಕ ಕಣದ ಗ್ವಾಡಿಗೆ ಸಣ್ಣ ಸಣ್ಣ ತೂತು ಬೀಳ್ತಾವ. ಅದರಾಗಿಂದ ಕ್ಯಾಲ್ಸಿಯಂ ಒಳಗ ನುಗ್ಗತದ. ಅದನ್ನ ಹೊರಗ ಹಾಕಲಿಕ್ಕೆ ಒದ್ದಾಡಿ ಒದ್ದಾಡಿ ಕ್ಯಾನ್ಸರಿನ ಕಣ ತನ್ನ ಶಕ್ತಿಯೆಲ್ಲಾ ಕಳಕೊಂಡು ಸಾಯ್ತದ. ಪಕ್ಕದಾಗಿನ ಛಲೋ ಕಣ ಅದಕ್ಕಿಂತ ತಡಕೋತಾವ, ಅವುಗಳ ತೂತು ಮುಚ್ಚಿಕೋತಾವ."

ನನಗೆ ಕಣ, ತೂತು, ಗೋಡೆ ಒಂದೂ ತಲೆಗೆ ಇಳಿಯಲಿಲ್ಲ. ನಾನು ಮಗ್ಗದ ಶೆಡ್ಡಿನ ಮನುಷ್ಯ. ನನ್ನ ಕಣ್ಣ ಮುಂದೆ ಬಂದದ್ದು ಹಸಿ ಗಾಯ, ಅದರೊಳಗೆ ಉಪ್ಪಿನಂಥ ನೀರು, ಅದರ ಮೇಲೆ ಕರೆಂಟು. ಹಸಿ ಇದ್ದಲ್ಲಿ ಕರೆಂಟು ಹರಡುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

"ಗಾಯ ಹಸಿ ಐತೆಲ್ರಿ ಬಾಯಾರ. ನೀರಿನ ಔಷಧಾ ಬ್ಯಾರೆ. ಎದಿ ಮ್ಯಾಲ. ಒಳಗ ಹರಿಯಂಗಿಲ್ಲೇನ್ರಿ?"

"ಇಲ್ರೀ. ಸೂಜಿ ಎಲ್ಲಿ ಇರ್ತಾವೋ ಅಷ್ಟ ಜಾಗಾದಾಗ. ಹೃದಯದ ಮ್ಯಾಲೂ ನಾವು ನಿಗಾ ಇಟ್ಟಿರ್ತೀವಿ. ಜೀವಾ ಉಳಸ್ತದ ಅಂತ ನಾ ಹೇಳಂಗಿಲ್ಲ. ಎಲ್ಲಾರಿಗೂ ಹತ್ತತದ ಅಂತನೂ ಹೇಳಂಗಿಲ್ಲ. ಆದ್ರ ಗಾಯ ಒಣಗಬಹುದು. ಅವರು ಕೇಳಿದ್ದು ಅದೇ ಅಲ್ಲೇನ್ರಿ? ಗುರುವಾರ ಕರಕೊಂಡು ಬರ್ರಿ. ನಾನ ಅವರ ಮುಂದ ಎಲ್ಲಾ ಹೇಳ್ತೀನಿ. ಒಪ್ಪೂದು ಬಿಡೂದು ಅವರ ಕೈಯಾಗದ. ಅವರು ಹೂಂ ಅಂದ್ರ ಕಾಗದಕ್ಕ ಅವರ ಸಹಿ, ಸಾಕ್ಷಿಗೆ ನಿಮ್ಮದೊಂದು."

"ಹೇಳ್ತೀನ್ರಿ" ಎಂದು ಎದ್ದೆ.

ಅಕ್ಕ ಹೊರಗೆ ಬಂದಳು. "ಏನಂದ್ರೋ?"

"ಏನಿಲ್ಲ. ಅದ ಮಲಾಮ ಹಚ್ಚಬೇಕಂತ."

"ಇಷ್ಟೊತ್ತನಕ ಬರೇ ಮಲಾಮದ ಮಾತಾ? ಅದಕ್ಕೇನು ಲಗ್ನಾ ಗೊತ್ತ ಮಾಡಿದ್ರೇನು?" ಎಂದು ನಕ್ಕಳು. ನಾನೂ ನಕ್ಕೆ.

ಗುರುವಾರ ಬಂತು, ಹೋಯಿತು. ಮುಂದಿನ ವಾರ ಆಸ್ಪತ್ರೆಯಿಂದ ಫೋನು ಬಂತು. ನಾನು ಮಗ್ಗದ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದೆ. ಎದ್ದು ಶೆಡ್ಡಿನ ಹೊರಗೆ ಬಂದು ಗ್ರೀಸ್ ಹತ್ತಿದ ಕೈಯಲ್ಲೇ ಫೋನು ಹಿಡಿದೆ. ಅಲ್ಲಿಯ ಸಿಸ್ಟರ್ ಕೇಳಿದರು: "ನಿಮ್ಮಕ್ಕಾರನ್ನ ಕರಕೊಂಡು ಬರಲೇ ಇಲ್ಲಲ್ರಿ?"

"ಅಕ್ಕ ಬ್ಯಾಡ ಅಂದಾಳ್ರಿ" ಎಂದೆ.

"ಖುದ್ದ ಅವರಽ ಅಂದ್ರಾ?"

"ಹೂನ್ರಿ. ಕರೆಂಟಿಗೆ ಅಂಜತಾಳ್ರಿ. ನಮ್ಮ ಮಾಮಾ ಕರೆಂಟ ಹೊಡದ ತೀರಿಕೊಂಡಾರ್ರಿ."

"ಅಯ್ಯೋ ಪಾಪ" ಎಂದು ಅವರು ಫೋನು ಇಟ್ಟರು. ಆಗ ಅಕ್ಕ ಮನೆಯಲ್ಲಿ ತನ್ನ ಗಾಯದ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಕೂತಿದ್ದಳು. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಬರೇ ಹೆದರಿಕೆಯಾಗಿದ್ದರೆ ಅಕ್ಕನ ಮುಂದೆ ಎಲ್ಲ ಹೇಳಿ, ನನಗೆ ಅಂಜಿಕೆಯಾಗುತ್ತದೆ ಎಂದೂ ಹೇಳಬಹುದಿತ್ತು. ಹೇಳಿದರೆ ಅವಳು ಹೂಂ ಅನ್ನುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಅವಳು ಹೂಂ ಅಂದರೆ ಕಾಗದ ಬರುತ್ತದೆ, ನಾನು ಸಹಿ ಹಾಕಬೇಕಾಗುತ್ತದೆ. ಏನಾದರೂ ಆದರೆ ಕರೆಂಟಿನ ಸಾವಿಗೆ ನಾನು ಹೆಸರು ಬರೆದದ್ದು ಎರಡನೆಯ ಸಲವಾಗುತ್ತದೆ. ಅವಳ ಗಾಯಕ್ಕಿಂತ ನನ್ನ ಆ ಸಹಿಯೇ ನನಗೆ ದೊಡ್ಡದಾಗಿ ಕಂಡಿತು. ಅದಕ್ಕೇ ಕೇಳಲಿಲ್ಲ.

ಮಾಡಿದ್ದು ತಪ್ಪು ಎಂದು ಮನಸ್ಸಿನ ಒಂದು ಮೂಲೆಗೆ ಗೊತ್ತಿತ್ತು ಅನ್ನಿಸುತ್ತದೆ. ಯಾಕೆಂದರೆ ಅದೇ ವಾರ ನಾನು ಔಷಧದ ಅಂಗಡಿಗೆ ಹೋಗಿ ಒಂದು ಡಬ್ಬಿ ಕ್ಯಾಲ್ಸಿಯಂ ಗುಳಿಗೆ ತಂದೆ. ಕರೆಂಟು ಬಿಟ್ಟು ಉಳಿದರ್ಧ ಔಷಧ ಕೊಟ್ಟರೂ ಅಷ್ಟು ಗುಣವಾಗಬಹುದು ಎಂಬುದು ನನ್ನ ಲೆಕ್ಕ. ಹೊಟ್ಟೆಗೆ ಹೋದದ್ದು ಗಡ್ಡೆಗೂ ಹೋಗುತ್ತದೆ ಎಂದುಕೊಂಡೆ. ಬಾಯಾರು ಹೇಳಿದ್ದರಲ್ಲಿ ತೂತಿನ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಅಷ್ಟು ದಡ್ಡತನ ಮಾಡುತ್ತಿರಲಿಲ್ಲ.

"ಇದ್ಯಾಕೋ?" ಎಂದಳು ಅಕ್ಕ.

"ಎಲಬು ಗಟ್ಟಿ ಆಗಾಕ."

"ಸಾಯೂ ಕಾಲಕ್ಕ ಎಲಬು ಗಟ್ಟಿ ಮಾಡ್ಕೊಂಡು ಏನ್ ಕುಸ್ತಿ ಹಿಡೀಲೇನು?" ಎಂದಳು. ಆದರೂ ನಾನು ಕೈಯಲ್ಲಿಟ್ಟಾಗಲೆಲ್ಲ ನುಂಗಿದಳು. ಮುಂಜಾನೆ ಒಂದು, ಸಂಜೆ ಒಂದು. ಸಣ್ಣವನಿದ್ದಾಗ ನಾನು ಮಣ್ಣಿನ ರೊಟ್ಟಿ ಮಾಡಿ ಕೊಟ್ಟರೂ ತಿಂದಂತೆ ನಟಿಸುತ್ತಿದ್ದಳು. ಈಗ ನಿಜವಾಗಿಯೇ ನುಂಗುತ್ತಿದ್ದಳು.

ಪಟ್ಟಿ ಬದಲಿಸಲು ವಾರಕ್ಕೆರಡು ಸಲ ಜಮಖಂಡಿಗೆ ಹೋಗುತ್ತಿದ್ದೆವು. ಮೂರು ತಿಂಗಳ ನಂತರ ಒಂದು ದಿನ ಅಲ್ಲಿಯ ಬೆಂಚಿನ ಮೇಲೆ ಬೀಳಗಿ ಕಡೆಯ ಒಬ್ಬ ಹೆಂಗಸು ಅಕ್ಕನನ್ನು ಗುರುತು ಹಿಡಿದಳು. ದೊಡ್ಡ ಆಸ್ಪತ್ರೆಯಲ್ಲಿ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿದ್ದವರು. ಅವಳಿಗೂ ಅಕ್ಕನ ಹಾಗೆಯೇ ಎದೆಯ ಮೇಲೆ ಗಡ್ಡೆ ಒಡೆದಿದ್ದವು.

"ನಿಮ್ಮದು ಇನ್ನೂ ಸೋರಾಕತ್ತೇತ್ರೀ ಅಕ್ಕಾರ?" ಎಂದು ಆಕೆ ಬೆರಗಾಗಿ ಕೇಳಿದಳು. "ನಂದು ಒಣಗೇತ್ರಿ. ನಾಕು ಗಡ್ಡಿಯಾಗ ಮೂರು ಒಣಗ್ಯಾವ, ಒಂದು ಹಂಗ ಐತಿ. ಮೊದಲ ಕರ್ರಗ ಹಕ್ಕಳಿ ಕಟ್ಟಿತು, ಆಮ್ಯಾಲ ಉದುರಿ ಬಿತ್ತು. ನೋಡ್ರಿ ಬೇಕಾರ."

ಪರದೆಯ ಮರೆಗೆ ಹೋಗಿ ತೋರಿಸಿದಳು. ಅಕ್ಕ ಬೆರಳಿನಿಂದ ಆ ಒಣಗಿದ ಜಾಗವನ್ನು ಮುಟ್ಟಿ ನೋಡಿದಳಂತೆ. ಹೊರಗೆ ಬಂದಾಗ ಅವಳ ಮುಖ ಅರಳಿತ್ತು.

"ಏನ್ ಹಚ್ಚಿದ್ರಿ ತಂಗಿ ಇದಕ್ಕ?"

"ಹಚ್ಚೂದಲ್ರೀ. ನಿದ್ದಿ ಮಾಡಿಸಿ ಗಡ್ಡಿಗೆ ಕರೆಂಟ ಕೊಡ್ತಾರ್ರಿ. ಅದರಾಗ ಕ್ಯಾಲ್ಸಿಯಂ ಹಾಕತಾರಂತ. ನನಗ ಗೊತ್ತ ಆಗಲಿಲ್ಲ ಬಿಡ್ರಿ, ಎದ್ದ ಮ್ಯಾಲ ಎರಡ ದಿನ ಚುರು ಚುರು ಅಂತು, ಅಷ್ಟ. ನಿಮಗ ಹೇಳಲಿಲ್ಲೇನ್ರಿ ಬಾಯಾರು?"

ಕರೆಂಟು ಎಂದಾಗ ಅಕ್ಕ ಕುತೂಹಲದಿಂದ ಕೇಳುತ್ತಿದ್ದಳು. ಕ್ಯಾಲ್ಸಿಯಂ ಎಂದಾಗ ನನ್ನ ಕಡೆ ನೋಡಿದಳು. ಅವಳ ಮಡಿಲಿನಲ್ಲಿದ್ದ ಚೀಲದಲ್ಲಿ ಆ ಗುಳಿಗೆಯ ಡಬ್ಬಿ ಇತ್ತು. ಸಾವಿರಾರು ಎಳೆಗಳಲ್ಲಿ ತಪ್ಪಿದ ಒಂದು ಎಳೆಯನ್ನು ಹುಡುಕಿ ತೆಗೆಯುವ ಹೆಂಗಸು ಅವಳು. ಆ ಎರಡು ಮಾತನ್ನು ಜೋಡಿಸಲು ಅವಳಿಗೆ ಎಷ್ಟು ಹೊತ್ತು ಬೇಕು?

"ನಮ್ಮದು ಬ್ಯಾರೆ ಥರದ್ದಿರಬೇಕ ತಂಗಿ" ಎಂದು ಆಕೆಗೆ ಹೇಳಿ ಸೆರಗು ಸರಿಮಾಡಿಕೊಂಡಳು.

ಪಟ್ಟಿ ಕಟ್ಟುವ ಡಾಕ್ಟರರ ಮುಂದೆ ಅಂದು ಅವಳೇ ಡಬ್ಬಿ ತೆಗೆದಿಟ್ಟಳು. "ಇದನ್ನ ತಗೋಳಾಕತ್ತೀನ್ರಿ, ತಗೋಬಹುದೇನ್ರಿ?" ಅವರು ನೋಡಿ ಸಿಡುಕಿದರು. ಕ್ಯಾನ್ಸರ್ ಇದ್ದವರು ಇಂಥದ್ದನ್ನು ಕೇಳದೆ ನುಂಗಬಾರದು, ರಕ್ತದಲ್ಲಿ ಹೆಚ್ಚಾದರೆ ಅಪಾಯ, ಗಾಯಕ್ಕಂತೂ ಇದು ಯಾವ ಕೆಲಸಕ್ಕೂ ಬರುವುದಿಲ್ಲ ಎಂದರು. "ಯಾರು ಕೊಟ್ರು ನಿಮಗಿದನ್ನ?"

"ನಾನ ತಗೊಂಡೆನ್ರಿ" ಎಂದಳು ಅಕ್ಕ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಎದುರಿನ ಸೀಟಿನಲ್ಲಿ ಒಳ್ಳೆಯ ಸೀರೆ ಉಟ್ಟ ಹೆಂಗಸು ಕೂತಿದ್ದರೂ ಅಕ್ಕನ ಕೈ ಮೇಲೇಳಲಿಲ್ಲ. ಊರು ಹತ್ತಿರ ಬರುವವರೆಗೆ ಹೊರಗೇ ನೋಡುತ್ತಿದ್ದಳು. ಆಮೇಲೆ ಮುಖ ತಿರುಗಿಸದೆಯೇ ಕೇಳಿದಳು:

"ನೀ ಅಂಜತಿ ಅಂತ ನನಗ ಗೊತ್ತೋ ತಮ್ಮಾ. ಸಣ್ಣವ ಇದ್ದಾಗಿಂದ ಗೊತ್ತು. ನಾ ಅಂಜಂಗಿಲ್ಲ ಅಂತ ನಿನಗ ಗೊತ್ತಿತ್ತಲ್ಲೋ?"

ತಪ್ಪಾಯಿತು ಎನ್ನದೆ ನಾನು ಟಿಕೆಟು ಮಡಚುತ್ತ ಕೂತೆ. ಅವಳು ಇನ್ನೊಮ್ಮೆ ಕೇಳಲಿಲ್ಲ. ಬಸ್ಸು ಇಳಿದ ಮೇಲೆ, "ಫೋನ್ ಹಚ್ಚು ಆ ಬಾಯಾರಿಗೆ" ಎಂದಳು, ಅಷ್ಟೇ.

ಮರುದಿನವೇ ಹೋದೆವು. ಅಕ್ಕ ಹಸಿರು ಸೀರೆ ಉಟ್ಟು, ಗಾಯದ ಮೇಲೆ ಎರಡು ಪದರ ಬಟ್ಟೆ ಕಟ್ಟಿಕೊಂಡು, ನನಗಿಂತ ಮೊದಲು ಬಸ್ಸು ಹತ್ತಿದಳು. ಬಾಯಾರು ಮತ್ತೆ ಎಲ್ಲ ಪರೀಕ್ಷೆ ಮಾಡಿಸಿದರು. ಸಂಜೆ ಎಕ್ಸ್‌ರೇ ಫೋಟೋಗಳನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ರೋಗ ಪುಪ್ಪುಸಕ್ಕೆ ಇಳಿದಿತ್ತು. ಎರಡೂ ಕಡೆ ನೀರು ತುಂಬಿತ್ತು. ಈಗ ನಿದ್ದೆಯ ಔಷಧ ಕೊಟ್ಟರೆ ಉಸಿರು ತಡೆಯುವುದಿಲ್ಲ, ಈ ಚಿಕಿತ್ಸೆ ಕೊಡಲು ಬರುವುದಿಲ್ಲ ಎಂದರು. ಅಕ್ಕನ ಮುಂದೆಯೇ, ಅಕ್ಕನ ಕೈ ಹಿಡಿದುಕೊಂಡೇ ಹೇಳಿದರು. ಮಾಡಬೇಕಾದ ರೀತಿ ಅದು ಎಂದು ನನಗೆ ಆಗ ಅನ್ನಿಸಿತು.

ಆಮೇಲೆ ಫೈಲು ತಿರುವುತ್ತ, "ಮೊದಲ ಬಂದಿದ್ರ ಮಾಡಬಹುದಿತ್ತಲ್ರೀ. ನೀವ ಬ್ಯಾಡ ಅಂದಿದ್ರಿ ಅಂತ ಬರದದ ಇಲ್ಲೆ" ಎಂದರು.

ಅದು ಅಕ್ಕನಿಗೆ ಗೊತ್ತಿರಲಿಲ್ಲ. ನಾನು ಹೇಳದೆ ಮುಚ್ಚಿಟ್ಟೆ ಎಂದಷ್ಟೇ ಅವಳಿಗೆ ತಿಳಿದಿತ್ತು. ಅವಳ ಹೆಸರಿನಲ್ಲಿ ಬೇಡ ಎಂದೂ ಹೇಳಿದ್ದೆ ಎಂಬುದು ತಿಳಿದದ್ದು ಆ ಕ್ಷಣದಲ್ಲಿ. ನಾನು ಗೋಡೆಗೆ ಒರಗಿ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲಿಲ್ಲ.

"ಹೌದ್ರೀ ಬಾಯಾರ" ಎಂದಳು. "ಆಗ ನನಗ ಅಂಜಿಕಿ ಬಂದಿತ್ರಿ."

ಅದಾದ ಮೇಲೆ ಏಳು ವಾರ ಇದ್ದಳು. ಉಸಿರಿಗಾಗಿ ಗೋಡೆಗೆ ದಿಂಬು ಇಟ್ಟು ಕೂಡಿಸಿದ್ದೆವು. ಮಾತು ಕಡಿಮೆಯಾಯಿತು. ಗಾಯ ಕೊನೆಯ ದಿನದವರೆಗೂ ಸೋರಿತು. ಅದನ್ನು ಒರೆಸಲು ಕಡೆಗೆ ನನಗೆ ಬಿಟ್ಟಳು. ಮೊದಲ ಸಲ ನಾನು ಪಟ್ಟಿ ಬಿಚ್ಚಿದಾಗ ಮುಖ ಆ ಕಡೆ ತಿರುಗಿಸಿಕೊಂಡು, "ಮೂಗು ಕಟ್ಟಿಕೋ ಬೇಕಾರ, ನಾ ಏನೂ ಅನ್ನಂಗಿಲ್ಲ" ಎಂದಳು. ನಾನು ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಳ್ಳದೆ ಇದ್ದುದರಿಂದ ಏನೂ ತೀರಲಿಲ್ಲ.

ಒಂದು ಸಂಜೆ ಧೈರ್ಯ ಮಾಡಿ, "ಯಕ್ಕಾ, ಬಾಯಾರ ಮುಂದ ಯಾಕ ಹಂಗ ಹೇಳಿದಿ?" ಎಂದು ಕೇಳಿದೆ.

"ಮತ್ತೇನ ಹೇಳಲಿ? ನನ್ನ ತಮ್ಮ ಸುಳ್ಳಾಡ್ಯಾನ ಅಂತ ಹೇಳಲೇನು?" ಎಂದಳು. ಸ್ವಲ್ಪ ಉಸಿರು ತೆಗೆದುಕೊಂಡು, "ನಿನ್ನ ಬೆಳಿಸಿದಾಕಿ ನಾನ ಅಲ್ಲೇನು" ಎಂದಳು. ಅದು ಕ್ಷಮೆಯೋ ಬೈಗುಳವೋ ನನಗೆ ಇಂದಿಗೂ ತಿಳಿದಿಲ್ಲ.

ಅವಳು ಹೋದ ದಿನ ಓಣಿಯ ಮಗ್ಗಗಳೆಲ್ಲ ನಿಂತವು. ಮಾತಾಡಿಸಲು ಬಂದ ಮಂದಿ ಮನೆಯ ಮುಂದೆ ಕೂತಿದ್ದರು. ಆಸ್ಪತ್ರೆಯ ಮಾತು ಹೇಗೋ ಊರಿಗೆ ಬಂದಿತ್ತು. ಯಾರೋ ಹೇಳಿದರು, "ಏನೋ ಕರೆಂಟಿನ ಔಷಧಾ ಇತ್ತಂತಲ್ರಿ. ತಾನ ಬ್ಯಾಡ ಅಂದ್ಲಂತ." ಇನ್ನೊಬ್ಬರು, "ಅಂತಾಳ ಬಿಡ್ರಿ ಪಾಪ. ಗಂಡ ಕರೆಂಟಿಗೆ ಹೋಗ್ಯಾನ. ಎಷ್ಟ ಗಟ್ಟಿ ಹೆಂಗಸಾದ್ರೂ ಅಂಜಿಕಿ ಬರದಽ ಇರತೈತೇನು?" ಎಂದರು. ಮಾಲಕರು ನನ್ನ ಮುಖ ನೋಡಿ, "ಹೌದೇನೋ?" ಎಂದರು. ನಾನು ತಲೆ ಆಡಿಸಿದೆ. ಅಕ್ಕನ ಹೆಣ ಒಳಗಿತ್ತು. ನಾನು ಹೊರಗೆ ಕೂತು, ಅವಳು ಅಂಜಿದಳು ಎಂದು ಇಡೀ ಓಣಿಯ ಮುಂದೆ ಒಪ್ಪಿಕೊಂಡೆ.

ಅದು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಕಳೆದ ತಿಂಗಳು ಹಿಂದಿನ ಓಣಿಯ ಹೆಂಗಸೊಬ್ಬಳು ಮನೆಗೆ ಬಂದಳು. ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವವಳು, ಅಕ್ಕನ ಜೊತೆ ವರ್ಷಗಟ್ಟಲೆ ಕೂತು ಮಾತಾಡಿದವಳು. ಅಕ್ಕನಿಗಾದದ್ದೇ ಅವಳಿಗೂ ಆಗಿದೆ. ಅಕ್ಕನ ಹಳೆಯ ಮೆತ್ತನೆಯ ಬಟ್ಟೆಗಳು ಉಳಿದಿದ್ದರೆ ಪಟ್ಟಿಗೆ ಬೇಕು ಎಂದು ಕೇಳಲು ಬಂದಿದ್ದಳು. ನನ್ನ ಹೆಂಡತಿ ಒಳಗಿನಿಂದ ತಂದು ಕೊಟ್ಟಳು.

"ನನಗೂ ಆ ಕರೆಂಟಿನ ಔಷಧಾ ಹೇಳ್ಯಾರ್ರೀ ಅಣ್ಣಾರ" ಎಂದಳು ಆಕೆ, ಬಟ್ಟೆ ಮಡಚುತ್ತ. "ಬ್ಯಾಡ ಅಂತ ಹೇಳಿ ಬಂದೀನಿ. ಸ್ಟಾರ್ಟರ್ ಒತ್ತಿದಾಕಿ ನಿಮ್ಮಕ್ಕ, ಆಕೀನ ಅಂಜಿದ್ಲಂದ ಮ್ಯಾಲ ನನ್ನ ಕೈಲೇನ ಆಕ್ಕೈತ್ರಿ?"

ನನ್ನ ಹೆಂಡತಿ ನನ್ನನ್ನು ನೋಡಿದಳು. ಅವಳಿಗೂ ನಾನು ಹೇಳಿರಲಿಲ್ಲ.

ಕುಂದರ್ರಿ ಎಂದು ಆಕೆಗೆ ಹೇಳಿದೆ. ಆಸ್ಪತ್ರೆಯ ಕೋಣೆಯಿಂದ ಹಿಡಿದು ಎಲ್ಲ ಹೇಳಿದೆ. ಬಾಯಾರು ಹೇಳಿದ ತೂತಿನ ಮಾತು, ಕ್ಯಾಲ್ಸಿಯಂ, ನನ್ನ ಫೋನು, ಗುಳಿಗೆಯ ಡಬ್ಬಿ, ಬೀಳಗಿಯ ಹೆಂಗಸಿನ ಮೂರು ಗಡ್ಡೆ ಒಣಗಿದ್ದು, ಒಂದು ಒಣಗದೆ ಉಳಿದದ್ದು. ಎಲ್ಲರಿಗೂ ಗುಣವಾಗುವುದಿಲ್ಲ ಎಂದೂ ಹೇಳಿದೆ. ನನ್ನ ಹೆಂಡತಿ ಎದ್ದು ಒಳಗೆ ಹೋದಳು, ತಿರುಗಿ ಹೊರಗೆ ಬರಲಿಲ್ಲ. ಓಣಿಯ ಒಂದೊಂದು ಮನೆಗೂ ಹೋಗಿ ಇದನ್ನು ಹೇಳುವ ಶಕ್ತಿ ನನಗಿಲ್ಲ. ಆದ್ದರಿಂದ ಓದಲು ಬರುವವರಿಗೆ ಇಲ್ಲಿ ಬರೆದಿದ್ದೇನೆ, ಓದಲು ಬರದವರಿಗೆ ಅವರು ಹೇಳಲಿ.

ಬಂದಿದ್ದ ಹೆಂಗಸು ಮಡಚಿದ ಬಟ್ಟೆಗಳನ್ನು ಗಂಟು ಕಟ್ಟಿದಳು. ನನ್ನನ್ನು ಬೈಯಲಿಲ್ಲ. ಕಡೆಗೆ ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿ, ಎದ್ದು ನಿಂತು ಕೇಳಿದಳು:

"ಅವತ್ತ ಆಕೀನ್ನ ಕೇಳಿದ್ರ ಏನಂತಿದ್ಲ್ರೀ?"

"ಬಸ್ಸು ಎಷ್ಟ ಗಂಟೆಕ್ಕೈತಿ ಅಂತಿದ್ಲು" ಎಂದೆ.